ನಾಲ್ಕನೆಯ ಹೆಸರು

ಕೇಳುಗರಿಗೆ ನಮಸ್ಕಾರ. ನನ್ನ ಹೆಸರಿನ ಮುಂದೆ ಎರಡು ಅಕ್ಷರಗಳಿವೆ. ಎರಡನೆಯದು ತಂದೆಯ ಹೆಸರಿನದು, ಮೊದಲನೆಯದು ಊರಿನದು. ಆ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ನೆಂಟರಲ್ಲಿ ಹಲವರು ಶಿವಮೊಗ್ಗದ ಕಡೆ ಸರ್ಕಾರ ತೋರಿಸಿದ ಜಾಗಗಳಿಗೆ ಹೊರಟುಹೋದರು. ನಮ್ಮ ಅಜ್ಜ ಮಾತ್ರ ಈ ಸೀಮೆ ಬಿಟ್ಟು ಬರಲಾರೆನೆಂದು ಹಟ ಹಿಡಿದು ಸಾಗರ ಪೇಟೆಯ ಅಂಚಿನಲ್ಲಿ ಒಂದು ಜಾಗ ಕೊಂಡರು. ನನಗಾಗ ಏಳು ವರ್ಷ.

ಮನೆಯನ್ನು ಬಿಚ್ಚಿ ಲಾರಿಗೆ ಹೇರಿದ್ದು ಚೆನ್ನಾಗಿ ನೆನಪಿದೆ. ತೊಲೆ, ಕಂಬ, ಬಾಗಿಲು, ಒಂದೊಂದರ ಮೇಲೂ ಆಚಾರಿಯವರು ಸುಣ್ಣದಲ್ಲಿ ಅಂಕೆ ಬರೆದಿದ್ದರು. ದಾರಿಯಲ್ಲಿ ಮಳೆ ಹೊಡೆದು ಅರ್ಧದಷ್ಟು ಅಂಕೆಗಳು ಅಳಿಸಿಹೋದವು. ಹೀಗಾಗಿ ಹೊಸ ಮನೆಯ ಜಗಲಿಯಲ್ಲಿ ಒಂದು ಕಂಬ ತಲೆಕೆಳಗಾಗಿ ನಿಂತಿತು. ಅದನ್ನು ಕಂಡುಹಿಡಿದವರು ಅಜ್ಜಿ. ತಲೆಮಾರುಗಳ ಗಂಡಸರು ಕವಳ ಹಾಕುತ್ತ ಬೆನ್ನು ಒರಗಿಸಿ ಒರಗಿಸಿ ನುಣುಪಾಗಿದ್ದ ಜಾಗ ನಮ್ಮ ತಲೆಯಿಂದ ಮೇಲಕ್ಕೆ ಹೋಗಿತ್ತು. ಮರ ಕಾಡಿನಲ್ಲಿ ಬೆಳೆದಂತೆಯೇ ಮನೆಯಲ್ಲಿಯೂ ಬುಡ ಕೆಳಗಾಗಿ ನಿಲ್ಲಬೇಕೆಂಬುದು ಹಿರಿಯರ ನಂಬಿಕೆ. ಕರು ಸತ್ತರೆ, ಅಡಿಕೆಗೆ ಕೊಳೆ ಬಂದರೆ, ಕೊನೆಗೆ ನನಗೆ ಗಣಿತದಲ್ಲಿ ಅಂಕ ಕಡಿಮೆಯಾದರೂ, "ಆ ಕಂಬ ಹಾಗೆ ನಿಂತಮೇಲೆ ಮತ್ತೇನಾದೀತು" ಎನ್ನುತ್ತಿದ್ದರು ಅಜ್ಜಿ. ಗಣಿತದ ಮಟ್ಟಿಗೆ ನಾನೂ ಅದನ್ನೇ ನಂಬಿದ್ದೆ.

ಸಾಗರ ಆಗ ಸಣ್ಣ ಪೇಟೆಯೇ. ನಮಗೆ ಅದೇ ದೊಡ್ಡದು. ಗುಡಿಗಾರರ ಮನೆಗಳ ಮುಂದೆ ಶ್ರೀಗಂಧದ ಚಕ್ಕೆ ಹೆಕ್ಕುವುದು, ತಾಳಗುಪ್ಪದ ರೈಲಿನ ಕೂಗಿಗೆ ಕಾಯುವುದು ನಮ್ಮ ದಿನಚರಿಯಾಗಿತ್ತು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಚದುರಿಹೋದ ನೆಂಟರೆಲ್ಲ ನಮ್ಮ ಜಗಲಿಯಲ್ಲಿ ಸೇರಿ, ಯಾರು ಯಾರಿಗೆ ಹೇಗೆ ಸಂಬಂಧ ಎಂದು ನಡುರಾತ್ರಿಯವರೆಗೆ ವಾದಿಸುತ್ತಿದ್ದರು.

ಅಜ್ಜ ತೀರಿಕೊಂಡ ಮೇಲೆ ಶ್ರಾದ್ಧದಲ್ಲಿ ಅಪ್ಪಯ್ಯ ಹೇಳುತ್ತಿದ್ದದ್ದು ಮೂರು ತಲೆಮಾರಿನ ಹೆಸರು. ಅದರಾಚೆಗೆ ನಮ್ಮಲ್ಲಿ ಉಳಿದದ್ದು ಗೋತ್ರ ಮಾತ್ರ. ನಾಲ್ಕನೆಯ ಹೆಸರು ಸಿಕ್ಕಿದ್ದು ಒಂದು ಜಾತ್ರೆಗೆ ಬಂದ ನೆಂಟರೊಬ್ಬರು ತಂದಿದ್ದ ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಅದರಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ತೀರಿದ ಲೆಕ್ಕಗಳೆಲ್ಲ ಒರೆಸಿಹೋಗಿದ್ದವು. ನಮ್ಮ ಪೂರ್ವಜರೊಬ್ಬರು ಆ ಮನೆಯಿಂದ ಪಡೆದು ತೀರಿಸದ ಸಾಲವೊಂದು ಮಾತ್ರ ಹೆಸರಿನ ಸಮೇತ ಉಳಿದಿತ್ತು. ಸಾಲ ತೀರಿಸುವ ಪ್ರಾಮಾಣಿಕರಾಗಿದ್ದರೆ ಅವರು ನಮಗೆ ಸಿಗುತ್ತಲೇ ಇರಲಿಲ್ಲ. ಜಗಲಿ ನಗೆಯಲ್ಲಿ ತುಂಬಿತು. ಅಪ್ಪಯ್ಯ ಮಾತ್ರ ಆ ಸಾಲನ್ನು ಎರಡು ಮೂರು ಸಲ ಬೆರಳಿಟ್ಟು ಓದಿದರು.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದು, ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿಹೋಗಿದ್ದ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕೂಡ ಮೇಲೆದ್ದು ಕಾಣುತ್ತಿತ್ತು. ಅಪ್ಪಯ್ಯನನ್ನು ಕರೆದುಕೊಂಡು ಹೋದೆ. ಬಿರುಕುಬಿಟ್ಟ ಕೆಸರು, ಕರಿ ಬೊಡ್ಡೆಗಳ ನಡುವೆ ಬಹಳ ಹೊತ್ತು ನಡೆದು, ತೋಟ ಇದ್ದದ್ದು ಅಲ್ಲಿ ಎಂದು ಅವರು ಕೈತೋರಿದ ಕಡೆ ಇನ್ನೂ ನೀರೇ ಇತ್ತು. ಎಳ್ಳಿರಲಿಲ್ಲ, ದರ್ಭೆಯಿರಲಿಲ್ಲ. ಅವರು ಮೊಣಕಾಲುದ್ದ ನೀರಿಗಿಳಿದು ಬೊಗಸೆ ತುಂಬಿಕೊಂಡು ಮೂರು ಹೆಸರು ಹೇಳಿ ಬಿಟ್ಟರು. ಮತ್ತೊಂದು ಬೊಗಸೆ ತೆಗೆದುಕೊಂಡು, ಸ್ವಲ್ಪ ತಡೆದು, ಆ ಸಾಲಗಾರರ ಹೆಸರನ್ನೂ ಹೇಳಿದರು.