ಯಾವ ನಲ್ಲಿಯ ನೀರು?

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ನಲ್ಲಿ ನೀರು ಕುಡಿಯಲು ಸುರಕ್ಷಿತವೇ? 'ಹೌದು' ಅಂದರೂ 'ಇಲ್ಲ' ಅಂದರೂ ಆ ಉತ್ತರ ನನಗೆ ಉಪಯೋಗಕ್ಕೆ ಬರುವುದಿಲ್ಲ. ಬೇಸರ ಬೇಡ, ತಪ್ಪು ನಿಮ್ಮದಲ್ಲ, ಪ್ರಶ್ನೆಯದು. ಬೆಂಗಳೂರಿನ ಮನೆಗಳಲ್ಲಿ ಬೀದಿ ಪೈಪಿನಿಂದ ನೇರ ಬರುವ ನಲ್ಲಿ ಒಂದು. ಅದೇ ನೀರು ನೆಲದಡಿಯ ಸಂಪ್ ತೊಟ್ಟಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಹತ್ತಿ, ಇಳಿದು ಬರುವ ನಲ್ಲಿ ಇನ್ನೊಂದು. ಜನರ ನಂಬಿಕೆ ಅಳೆಯಲು ಹೊರಟವರು ಮೊದಲು ಕೇಳಬೇಕು: ಯಾವ ನಲ್ಲಿ?

ನನಗೆ ಇದನ್ನು ಕಲಿಸಿದ್ದು ಒಬ್ಬ ಅಜ್ಜಿ. ಸಮೀಕ್ಷೆಯ ಫಾರ್ಮ್ ಹಿಡಿದು ಅವರ ಮನೆಗೆ ಹೋಗಿದ್ದೆ. "ಕಾವೇರಿ ನೀರು ಹೇಗಿದೆ ಅಜ್ಜಿ?" ಅಂದೆ. "ಥೂ, ಬ್ಲೀಚಿಂಗ್ ಪೌಡರ್ ವಾಸನೆ ಕಣಪ್ಪಾ, ಬಾಯಿಗಿಡೋಕಾಗಲ್ಲ" ಅಂದರು. 'ಸುರಕ್ಷಿತವಲ್ಲ' ಅಂತ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ಲೋಟ ನೀರು ತಂದರು. "ಇದು ಕುಡಿ, ವಾಸನೆಯೇ ಇಲ್ಲ." ವಿಚಾರಿಸಿದರೆ ಅದೂ ಕಾವೇರಿಯೇ, ಮೇಲಿನ ಟ್ಯಾಂಕಿನದು! ಟೆರೇಸ್ ಹತ್ತಿ ನೋಡಿದೆ. ಟ್ಯಾಂಕಿನ ಮುಚ್ಚಳ ಪಕ್ಕದಲ್ಲಿತ್ತು, ಅದರ ಮೇಲೆ ಸಂಡಿಗೆ ಒಣಗುತ್ತಿತ್ತು. ಟ್ಯಾಂಕಿನ ಅಂಚಿನಲ್ಲಿ ಎರಡು ಪಾರಿವಾಳ.

ಕೆಳಗಿಳಿದು ಎರಡೂ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದೆ. ಬೀದಿ ನಲ್ಲಿಯ ನೀರು ಹಳದಿಯಾಯಿತು. ಅಂದರೆ ರೋಗಾಣು ಕೊಲ್ಲುವ ಕ್ಲೋರಿನ್ ಇನ್ನೂ ಉಳಿದಿದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಲೋಟದ ನೀರಿಗೆ ಬಣ್ಣವೇ ಬರಲಿಲ್ಲ. "ನಾನು ಹೇಳಲಿಲ್ವಾ, ಇದೇ ಶುದ್ಧ" ಅಂದರು ಅಜ್ಜಿ. ಅವರು ಪ್ರೀತಿಯಿಂದ ಕೊಟ್ಟ ಲೋಟ, ಬೇಡ ಅನ್ನುವುದು ಹೇಗೆ? ಕುಡಿದೆ. ನಮ್ಮ ಮನೆಯವರಿಗೆ ಹೇಳಬೇಡಿ.

ನೋಡಿ, ಸುಮಾರು 100 ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಪಂಪು ಮಾಡಿ ಕಳಿಸಿದ ನೀರದು. ಅದು ತನ್ನ ಕಾವಲು ಕಳೆದುಕೊಂಡಿದ್ದು ಅಜ್ಜಿಯ ಮನೆಯ ಗೇಟು ದಾಟಿದ ಮೇಲೆ. ನನ್ನ ಫಾರ್ಮಿನಲ್ಲಿ ಕೆಟ್ಟ ಹೆಸರು ಬಂದಿದ್ದು ಮಾತ್ರ ಬೀದಿ ಪೈಪಿಗೆ. ಇಂಥ ಫಾರ್ಮು ಸಾವಿರ ತುಂಬಿಸಿದರೂ ಏನು ಬಂತು? ಸುಮ್ನೆ ಕಾಗದ ಖರ್ಚು.

ಆಮೇಲೆ ನಾನು ಪ್ರಶ್ನೆ ಬದಲಿಸಿದೆ. 'ಇವತ್ತು ಬೆಳಿಗ್ಗೆ ಮಗುವಿಗೆ ಕುಡಿಸಿದ ನೀರು ಯಾವ ನಲ್ಲಿಯದು? ಕಾಯಿಸಿದಿರಾ?' ಇದಕ್ಕೆ ನಿಜವಾದ ಉತ್ತರ ಬರುತ್ತದೆ.

ಟಿಡಿಎಸ್ ಮೀಟರಿನ ಬಗ್ಗೆಯೂ ಹೇಳಬೇಕಿತ್ತು. ಫಿಲ್ಟರ್ ಮಾರುವವರು ನೀರಿಗೆ ಅದ್ದಿ ಹೆದರಿಸುತ್ತಾರಲ್ಲ, ಅದು ಕರಗಿದ ಲವಣ ಅಳೆಯುವ ಕಡ್ಡಿ, ರೋಗಾಣು ಅದಕ್ಕೆ ಕಾಣುವುದಿಲ್ಲ. 2021ರಲ್ಲಿ ನಲ್ಲಿಯಿಂದಲೇ ಕುಡಿಯುವ ಯೋಜನೆ ತಂದ ಒಡಿಶಾದ ಪುರಿಯ ಕಥೆಯೂ ಇತ್ತು. ಆದರೆ ಸ್ಟುಡಿಯೋದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನಾಳೆ ಯಾರಾದರೂ ಫಾರ್ಮ್ ಹಿಡಿದು ನಿಮ್ಮ ಮನೆಗೆ ಬಂದರೆ, 'ಯಾವ ನಲ್ಲಿ?' ಅಂತ ನೀವೇ ಕೇಳಿ. ನಮಸ್ಕಾರ.