ಬಾಗಿಲ ಹೊರಗೆ ನಿಂತ ಅಪ್ಪ

ಕೇಳುಗರಿಗೆ ನಮಸ್ಕಾರ.

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಹೆರಿಗೆ ಆಸ್ಪತ್ರೆಯ ವರಾಂಡ ನೋಡಿ. ಒಂದು ಕೈಯಲ್ಲಿ ತಾಯಿ ಕಾರ್ಡು, ಇನ್ನೊಂದರಲ್ಲಿ ನೀರಿನ ಬಾಟ್ಲಿ ಹಿಡಿದ ಗಂಡಸರು ನಿಂತಿರುತ್ತಾರೆ. ಒಳಗೆ ಜೊತೆಗೆ ಹೋಗುವವರು ಅಮ್ಮ ಅಥವಾ ಅತ್ತೆ. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಹೊರಗೆ ನಿಂತಿದ್ದೆ.

ಐದನೇ ತಿಂಗಳಲ್ಲಿ ಒಂದು ರಾತ್ರಿ ಹೆಂಡತಿ ಕೇಳಿದಳು: "ಹೆದರಿಕೆ ಆಗುದು ನನಗೆ ಮಾತ್ರವಾ? ನಿಮಗೆ ಎಂತದೂ ಇಲ್ವಾ?"

ಇತ್ತು. ಸಾಲದ ಕಂತು, ಅವಳ ಬಿಪಿ, ನನ್ನಮ್ಮನ ಮೊದಲ ಮಗು ಉಳಿಯದೇ ಹೋದ ಕತೆ, ಎಲ್ಲ ತಲೆಯಲ್ಲಿ ತಿರುಗುತ್ತಿತ್ತು. ಅವಳಿಗ್ಯಾಕೆ ಚಿಂತೆ ಹಚ್ಚುವುದು ಎಂದು ಬಾಯಿ ಬಿಟ್ಟಿರಲಿಲ್ಲ. ಆ ಮೌನದಿಂದಲೇ ಅವಳು ಒಂಟಿಯಾಗಿಬಿಟ್ಟಿದ್ದಳು. ಅವತ್ತು ಎಲ್ಲ ಹೇಳಿದೆ. ಇಬ್ಬರೂ ಅತ್ತೆವು, ಆಮೇಲೆ ನಿದ್ದೆ ಬಂತು.

ಮುಂದಿನ ತಪಾಸಣೆಗೆ ಡಾಕ್ಟರರನ್ನು ಕೇಳಿಕೊಂಡು ನಾನೂ ಒಳಗೆ ಹೋದೆ. ಹೊಟ್ಟೆಯ ಮೇಲೆ ಚಿಕ್ಕ ಯಂತ್ರ ಇಟ್ಟರು. ಗರ್ಭದ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160. ನಮ್ಮದಕ್ಕಿಂತ ಎಷ್ಟೋ ಚುರುಕು! ತಾಯಿಗೆ ಮಗು ಮೈಯೊಳಗೇ ಇದೆ. ಅಲ್ಲೊಂದು ಜೀವ ಇದೆ ಎಂದು ನನ್ನ ಮನಸ್ಸಿಗೆ ನಾಟಿದ್ದು ಆ ಸದ್ದು ಕೇಳಿದಾಗಲೇ.

ನಮ್ಮ ಕರಾವಳಿಯಲ್ಲಿ ಬಯಕೆ, ಅಂದರೆ ಸೀಮಂತ, ಮುಗಿಸಿ ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುತ್ತಾಳೆ. ಒಳ್ಳೆಯ ಪದ್ಧತಿಯೇ, ಬಾಣಂತನಕ್ಕೆ ಹೆತ್ತಮ್ಮನ ಕೈಯಂಥದ್ದು ಬೇರೆ ಇಲ್ಲ. ಆದರೆ ಅಲ್ಲಿಂದ ಮುಂದೆ ಗಂಡ ನೆಂಟನ ಹಾಗೆ ಆಗುತ್ತಾನೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿಯುವವರ ಪಾಡಂತೂ ಕೇಳುವುದೇ ಬೇಡ. ಅವರಿಗೆ ನನ್ನದೊಂದು ಕೋರಿಕೆ: ಫೋನಿನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎಂಬಲ್ಲಿಗೇ ಮಾತು ಮುಗಿಸಬೇಡಿ. ರಾತ್ರಿ ಎಂತ ಕನಸು ಬಿತ್ತು, ಮಗು ಎಷ್ಟು ಹೊತ್ತಿಗೆ ಒದ್ದಿತು, ಕೇಳಿ. ನಿಮ್ಮ ಅಳುಕನ್ನೂ ಹೇಳಿ. ಏಳನೇ ತಿಂಗಳ ಹೊತ್ತಿಗೆ ಮಗುವಿಗೆ ಹೊರಗಿನ ದನಿ ಕೇಳಿಸುತ್ತದೆ. ಬೆಳ್ತಂಗಡಿಯ ತವರಿನಲ್ಲಿ ನನ್ನ ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಹೊಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ನಾನು ಉಡುಪಿಯ ಮಳೆಯ ಸುದ್ದಿ ಹೇಳುತ್ತಿದ್ದೆ.

ಇನ್ನೊಂದು ಮಾತು. ಅಪ್ಪನಾಗುವವನಿಗೂ ಖಿನ್ನತೆ ಬರುವುದುಂಟು. ನಿದ್ದೆ ಕೆಟ್ಟು, ಕಾರಣವಿಲ್ಲದೆ ಸಿಟ್ಟು ಬರುತ್ತಿದ್ದರೆ, ಕುಡಿತ ಹೆಚ್ಚುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮಸ್ಕಾರ.