ದಿಂಬಿನಡಿಯ ರಸೀದಿ

ಕೇಳುಗರಿಗೆ ನಮಸ್ಕಾರ.

ಕಾಳುಮೆಣಸು ಕೊಯ್ಯುವ ಕಾಲ ಬಂತೆಂದರೆ ನಮ್ಮ ಕೊಡಗಿನಲ್ಲಿ ಏಣಿ ಜಾರಿ ಬಿದ್ದವರ ಸುದ್ದಿಯೂ ಬರುತ್ತದೆ. ಸಿದ್ದಾಪುರದ ಕಡೆ ತೋಟದ ಕಾರ್ಮಿಕರ ಒಂದು ಲೈನ್ ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದಾರೆ. ಹೆಂಡತಿ ದಿಂಬಿನಡಿಯಿಂದ ಮಡಚಿದ ರಸೀದಿ ತೆಗೆದರು. ‘ಸ್ಟೆಮ್ ಸೆಲ್ ಚಿಕಿತ್ಸೆ, ಮೂರು ಇಂಜೆಕ್ಷನ್.’ ಬಳೆ ಅಡವಿಟ್ಟ ದುಡ್ಡು.

“ಕಾಲು ಅಲ್ಲಾಡಲೇ ಇಲ್ಲ ಮೇಷ್ಟ್ರೇ. ಇನ್ನೂ ಮೂರು ಹಾಕಿಸಿ ಅಂತಾರೆ. ಹಾಕಿಸೋದಾ?”

ಬೇಡ ಅಂದೆ.

ಸ್ಟೆಮ್ ಸೆಲ್ ಎಂದರೆ ತಾನು ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಜೀವಕೋಶ. ರೋಗಿಯ ದೇಹಕ್ಕೆ ಒಗ್ಗುವಂಥ ಕೋಶ ಪಡೆಯಲು ಒಂದು ದಾರಿಯಿದೆ. ಹೆಣ್ಣಿನ ಅಂಡಾಣುವಿನ ಕೋಶಕೇಂದ್ರ ತೆಗೆದು, ಅಲ್ಲಿ ರೋಗಿಯ ಚರ್ಮದ ಕೋಶಕೇಂದ್ರ ಇಟ್ಟು, ಐದಾರು ದಿನದ ಭ್ರೂಣವಾಗಿ ಬೆಳೆಸಿ, ಒಳಗಿನ ಕೋಶಗಳನ್ನು ಬಿಡಿಸಿಕೊಳ್ಳುವುದು. ಇದೇ ಚಿಕಿತ್ಸಾ ಕ್ಲೋನಿಂಗ್, ಅಂದರೆ ಚಿಕಿತ್ಸೆಗಾಗಿ ತದ್ರೂಪು ಮಾಡುವುದು. ಮೆಣಸಿನ ಕುಡಿ ಕತ್ತರಿಸಿ ಪ್ಯಾಕೆಟ್ಟಿನಲ್ಲಿ ನೆಡುವ ನಮಗೆ ತದ್ರೂಪು ಹೊಸದೇನಲ್ಲ. ಆದರೆ ಇಲ್ಲಿ ಭ್ರೂಣವೊಂದು ನಾಶವಾಗುತ್ತದೆ.

ಜಗಳ ಅಲ್ಲೇ. ಮಾನವ ಘನತೆಗೆ ಒಪ್ಪದ ಎಲ್ಲ ಬಗೆಯ ಮಾನವ ಕ್ಲೋನಿಂಗ್ ನಿಲ್ಲಿಸಿ ಎಂಬ ಘೋಷಣೆಯನ್ನು ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿತು. ಪರ 84, ವಿರೋಧ 34. ಭಾರತ ವಿರೋಧಿಸಿತು. ಕ್ಲೋನ್ ಮಗು ಬೇಡ, ಆದರೆ ಚಿಕಿತ್ಸೆಯ ಬಾಗಿಲು ಮುಚ್ಚುವುದೂ ಬೇಡ ಎಂಬ ನಿಲುವು. ನನಗೂ ಅದೇ ಸರಿ ಕಾಣುತ್ತದೆ.

ಭ್ರೂಣದ ಗದ್ದಲದಲ್ಲಿ ಅಂಡಾಣು ಕೊಟ್ಟವಳು ಮೂಲೆಗೆ ಸರಿದಳು. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ ಸುಕ್ ಈ ಕ್ಲೋನಿಂಗ್ ಪ್ರಯೋಗಕ್ಕೆ ಎರಡು ಸಾವಿರಕ್ಕೂ ಹೆಚ್ಚು ಅಂಡಾಣು ಬಳಸಿದರು. ಕೊಟ್ಟವರಲ್ಲಿ ಅವರದೇ ಪ್ರಯೋಗಾಲಯದ ಹೆಣ್ಣುಮಕ್ಕಳೂ ಇದ್ದರು! ಕಡೆಗೆ ಫಲಿತಾಂಶವೇ ಸುಳ್ಳೆಂದು ಬಯಲಾಗಿ 2006ರಲ್ಲಿ ಪ್ರಬಂಧಗಳು ರದ್ದಾದವು. ಅದೇ ವರ್ಷ ಜಪಾನಿನ ವಿಜ್ಞಾನಿ ಯಮನಾಕ, ಇಲಿಯ ಮಾಮೂಲಿ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್‌ನಂತೆ ಮಾಡಿದರು. ಅಂಡಾಣುವೂ ಬೇಡ, ಭ್ರೂಣವೂ ಬೇಡ. 2012ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, 2017ರ ಮಾರ್ಗಸೂಚಿ ಇದೆ. ಪ್ರಯೋಗಾಲಯದಲ್ಲಿ ಭ್ರೂಣವನ್ನು 14 ದಿನ ಮೀರಿ ಬೆಳೆಸುವಂತಿಲ್ಲ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಬಹುಪಾಲು ಇನ್ನೂ ಪ್ರಯೋಗವೇ. ಪ್ರಯೋಗ ಎಂದಮೇಲೆ ಅದರ ಖರ್ಚನ್ನು ರೋಗಿಯ ತಲೆಗೆ ಕಟ್ಟುವಂತಿಲ್ಲ.

ಹಾಗಾಗಿ ಯಾರಾದರೂ ಇಂಥ ಇಂಜೆಕ್ಷನ್ ಹೇಳಿದರೆ ಮೊದಲು ಸಿಟಿಆರ್‌ಐ, ಅಂದರೆ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ಇಂಥ ಚಿಕಿತ್ಸಾ ಪ್ರಯೋಗಗಳಿಗೆ ಅದು ಬೇಕೇ ಬೇಕು. ಆ ರಸೀದಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದೆ. ಜಿಎಸ್‌ಟಿ ಸಂಖ್ಯೆ ಮಾತ್ರ ಇತ್ತು.

ನಮಸ್ಕಾರ.